ವಾರ್ಡಿನ್ಯಾಗ ಮೊದ್ಲು ಯಾರ ಬೆಡ್ಡಿಗೆ ಹೋಗ್ಬೇಕು?

ಜಿಎನ್‌ಎಂ ಡಿಪ್ಲೊಮಾ ಇರ್ಲಿ, ಬಿಎಸ್ಸಿ ನರ್ಸಿಂಗ್ ಇರ್ಲಿ, ಪೋಸ್ಟಿಂಗಿಗೆ ಬಂದ ಹುಡುಗ್ರು ಹುಡುಗ್ಯಾರು ಒಂದು ತಪ್ಪಂತೂ ಮಾಡೇ ಮಾಡ್ತಾರ, ಯಾರು ಜೋರಾಗಿ ಕೂಗ್ತಾರೋ ಅವ್ರ ಕಡೆ ಮೊದ್ಲು ಓಡ್ತಾರ. "ಸಿಸ್ಟರ್, ಬಾಟ್ಲಿ ಮುಗದೈತಿ ಬರ್ರಿ" ಅಂತ ಒಬ್ರು, "ಯಕ್ಕಾ, ನಮ್ಮಪ್ಪಗ ಸೂಜಿ ಯಾವಾಗ ಮಾಡ್ತೀರಿ" ಅಂತ ಇನ್ನೊಬ್ರು, ಹಿಂಗ ಕರದವ್ರ ಹಿಂದ ತಿರುಗೋದ್ರಾಗ ಡ್ಯೂಟಿ ಮುಗೀತೈತಿ, ಕೂಗಾಕ ತ್ರಾಣನೇ ಇಲ್ಲದ ಪೇಷಂಟ್ ಮೂಲ್ಯಾಗ ಹಂಗ ಬಿದ್ದಿರ್ತಾರ. ಪರೀಕ್ಷಾದಾಗ ಮಾತ್ರ ಎಬಿಸಿ (ಮೊದ್ಲು ಉಸಿರಿನ ದಾರಿ, ಆಮ್ಯಾಲ ಉಸಿರಾಟ, ಆಮ್ಯಾಲ ರಕ್ತದ ಓಡಾಟ ಅನ್ನೋ ಸರದಿ), ಮ್ಯಾಸ್ಲೋ ಅನ್ನೋ ಮನಶ್ಶಾಸ್ತ್ರಜ್ಞ 1943ರಾಗ ಹೇಳಿದ ಮನುಷ್ಯಾನ ಅಗತ್ಯಗಳ ಸರದಿ, ಅದನ್ನ ಆಮ್ಯಾಲ ಬ್ಯಾರೆಯವ್ರು ಬರದ ಪಿರಮಿಡ್ಡು, ಎಲ್ಲಾ ಬಣ್ಣದ ಪೆನ್ನಿನ್ಯಾಗ ಚಂದ ಬರದಿರ್ತಾರ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ತುಂಬಿದ ವಾರ್ಡಿನ್ಯಾಗ ಇದನ್ನ ಹೆಂಗ ಮಾಡೋದು ಅಂತ ನೋಡ್ರಿ.

1. ಹಿಂದಿನ ಶಿಫ್ಟಿನವ್ರು ಒಪ್ಪಿಸೋ ಮಾತು (ಹ್ಯಾಂಡೋವರ್) ಕೇಳ್ರಿ, ಒಂದು ಚೀಟಿಯೊಳಗ ಬೆಡ್ ನಂಬರು, ಕಾಯಿಲೆ, ಆ ಪೇಷಂಟಿಗೆ ಏನು ಕೆಡಬಹುದು ಅನ್ನೋ ಒಂದೇ ಮಾತು ಬರ್ಕೊಳ್ರಿ. ಸಾಕು. ಅಂಗಡ್ಯಾಗ ಪ್ರಯಾರಿಟಿ ಕಾರ್ಡ್ ಅಂತ ಪ್ಲಾಸ್ಟಿಕ್ ಹಾಕಿದ್ದು ಮಾರ್ತಾರಲ್ಲ, ಅದಕ್ಕ ರೊಕ್ಕ ಹಾಕಬ್ಯಾಡ್ರಿ, ನಿಮ್ಮ ವಾರ್ಡಿನ ಪೇಷಂಟ್ ಅದರಾಗ ಇರಂಗಿಲ್ಲ.

2. ಕೆಲಸ ಕೆಡೋದು ಇಲ್ಲೇ. ಚೀಟಿ ಹಿಡ್ಕೊಂಡು ಟ್ರೇ ಮುಟ್ಟೋಕಿಂತ ಮೊದ್ಲು ಎಲ್ಲಾ ಬೆಡ್ಡು ಒಂದು ಸುತ್ತು ಹಾಕ್ರಿ, ಯಾರಿಗೂ ಏನೂ ಮಾಡಬ್ಯಾಡ್ರಿ, ಬರೀ ನೋಡ್ರಿ. ಬೆಡ್ಡಿನ ಕಾಲ ಕಡೆ ನಿಂತು "ಹೆಂಗದೀರಿ ಅಮ್ಮಾ, ಊಟ ಆತೇನು" ಅಂತ ಕೇಳಿದ್ರ, ಪೂರಾ ಮಾತಾಡಿ ಉತ್ತರ ಕೊಟ್ರ ಸದ್ಯಕ್ಕ ಉಸಿರಿನ ದಾರಿ ಬಿಟ್ಟೈತಿ, ತಲಿಗೆ ರಕ್ತ ಹೋಗಾಕತ್ತೈತಿ ಅಂತ ತಿಳ್ಕೊಬಹುದು. ಎರಡು ಶಬ್ದಕ್ಕೊಮ್ಮೆ ನಿಂತು ಉಸಿರು ತಗೊಂಡ್ರ, ಕೈ ಊರ್ಕೊಂಡು ಮುಂದ ಬಾಗಿ ಕುಂತಿದ್ರ, ಮೈ ತಣ್ಣಗ ಬೆವತಿದ್ರ ಅಲ್ಲೇ ನಿಲ್ರಿ, ಮುಂದಿನ ಬೆಡ್ಡಿಗೆ ಹೋಗಬ್ಯಾಡ್ರಿ.

ಉಸಿರು ಎಣಸ್ರಿ. ಖರೇನ ಎಣಸ್ರಿ, ಯಾಕಂದ್ರ ಚಾರ್ಟ್ ತಗದು ನೋಡಿದ್ರ ಎಲ್ಲಾರದೂ 20, 20, 20 ಅಂತ ಇರ್ತೈತಿ, ಹಿಂದಿನ ಶಿಫ್ಟಿನವ್ರು ಬರದಿದ್ದನ್ನ ನೋಡಿ ಬರದಿರ್ತಾರ, ನಾಚಿಕೆ ಆಗ್ಬೇಕು. ಪಲ್ಸ್ ನೋಡಾಕತ್ತಂಗ ಕೈ ಹಿಡ್ಕೊಂಡು, ಉಸಿರು ಎಣಸ್ತೀನಿ ಅಂತ ಹೇಳದೆ, ಎದಿ ಏರೋದು ಇಳಿಯೋದು ಪೂರಾ ಒಂದು ನಿಮಿಷ ಎಣಸ್ರಿ. ದೊಡ್ಡವ್ರಿಗೆ 12ರಿಂದ 20 ಮಾಮೂಲಿ, 25 ಅಥವಾ ಅದಕ್ಕಿಂತ ಜಾಸ್ತಿ ಇದ್ರ, 8 ಅಥವಾ ಅದಕ್ಕಿಂತ ಕಡಿಮಿ ಇದ್ರ ಉಳಿದ ಕೆಲಸ ಬಿಟ್ಟು ಸ್ಟಾಫ್ ಸಿಸ್ಟರನ್ನ ಕರೀರಿ. ಆನ್‌ಲೈನಿನ್ಯಾಗ ಸಿಗೋ ಅಗ್ಗದ ಆಕ್ಸಿಮೀಟರ್ ನಂಬ್ಕೊಂಡು ಕೂಡಬ್ಯಾಡ್ರಿ, ಬೆರಳು ತಣ್ಣಗಿದ್ರ, ನೇಲ್ ಪಾಲಿಶ್ ಇದ್ರ ಅದು ಏನೇನೋ ತೋರಿಸ್ತೈತಿ. ಸೆಕೆಂಡ್ ಮುಳ್ಳಿರೋ ವಾಚ್ ಕಟ್ರಿ, ಸ್ಮಾರ್ಟ್ ವಾಚ್ ಮನ್ಯಾಗ ಇಡ್ರಿ.

ನಮ್ಮ ಕಡೆ ಬರೋ ಹಾವಿನ ಕೇಸೇ ತಗೊಳ್ರಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವಿ ಸೀಮಿಯೊಳಗ ಭತ್ತದ ಗದ್ದ್ಯಾಗ ಕಾಲಿಗೆ ಕಚ್ಚಿಸ್ಕೊಂಡು ಬಂದವ್ರು ಕಾಲು ಬಾತು ಅಯ್ಯೋ ಅಮ್ಮಾ ಅಂತ ಒದರ್ತಿರ್ತಾರ, ಸ್ಟೂಡೆಂಟ್ಸ್ ಎಲ್ಲಾ ಅಲ್ಲೇ ಸುತ್ತಗಟ್ಟಿರ್ತಾರ. ಪಕ್ಕದ ಬೆಡ್ಡಿನ್ಯಾಗ ರಾತ್ರಿ ನೆಲದ ಮ್ಯಾಲ ಮಲಗಿದ್ದಾಗ ಕಚ್ಚಿಸ್ಕೊಂಡ ಹೆಣ್ಮಗಳು, ಬಾವಿಲ್ಲ ನೋವಿಲ್ಲ, ರೆಪ್ಪಿ ಅರ್ಧ ಮುಚ್ಚ್ಯಾವು, ಅವ್ರ ಅತ್ತಿ "ರಾತ್ರೆಲ್ಲಾ ನಿದ್ದಿಲ್ಲವಾ, ಮಲಗ್ಲಿ ಬಿಡು" ಅಂತಿರ್ತಾಳ. ಅದು ನಿದ್ದಿ ಅಲ್ಲ. ಕಟ್ಟಿಗೆಹಾವು (ಕ್ರೈಟ್) ಕಚ್ಚಿದ್ರ ಕಚ್ಚಿದ ಜಾಗ ಹೆಚ್ಚಾಗಿ ಗೊತ್ತೇ ಆಗಂಗಿಲ್ಲ, ರೆಪ್ಪಿ ಇಳೀತಾವು, ಆಮ್ಯಾಲ ಕುತ್ತಿಗಿ, ಆಮ್ಯಾಲ ಉಸಿರಾಟದ ಸ್ನಾಯು. ಎಬ್ಬಿಸಿ ಮ್ಯಾಲ ನೋಡ್ರಿ ಅನ್ರಿ, ದಿಂಬಿನ ಮ್ಯಾಲಿಂದ ತಲಿ ಎತ್ರಿ ಅನ್ರಿ, ಒಂದೇ ಉಸಿರಿನ್ಯಾಗ ಒಂದು ಎರಡು ಮೂರು ಅಂತ ಎಣಿಸಾಕ ಹೇಳ್ರಿ. ತಾಸಿನ ಹಿಂದ 25 ತನಕ ಎಣಿಸಿದಾಕಿ ಈಗ 12ಕ್ಕ ನಿಂತ್ರ ಆ ಬೆಡ್ಡೇ ಮೊದಲ್ನೇದು. ಹೊಲಕ್ಕ ಹೊಡಿಯೋ ಎಣ್ಣಿ ಕುಡದು ಬಂದವ್ರಿಗೂ ಇದೇ ಕಣ್ಣಿಡ್ರಿ, ಮೊದಲ್ನೇ ದಿನ ದಾಟಿತು ಅಂತ ಬಿಡಬ್ಯಾಡ್ರಿ, ಒಂದರಿಂದ ನಾಕು ದಿನದೊಳಗ ಕುತ್ತಿಗಿ ಸೋಲೋದು ಉಸಿರು ಸೋಲೋದು ಐತಿ.

3. ಈಗ ಇಬ್ರ ನಡುವ ಯಾರು? ಎಬಿಸಿ ಅಂದ್ರ ಆಕ್ಸಿಜನ್ ಹಾಕಿದವ್ರೇ ಮೊದ್ಲು ಅಂತ ಗಿಳಿಪಾಠ ಒಪ್ಪಸ್ತಾರ. ಹಳೇ ಸಿಒಪಿಡಿ (ವರ್ಷಗಟ್ಟಲೆ ಇರೋ ಶ್ವಾಸಕೋಶದ ಕಾಯಿಲೆ) ಅಜ್ಜ, ನಾಕು ದಿನದಿಂದ ಆಕ್ಸಿಜನ್ ಸ್ಯಾಚುರೇಶನ್ 90, ಬೀಡಿ ಕೇಳ್ಕೊಂತ ಕುಂತಾನ, ಅಂಥವ್ರಿಗೆ ಡಾಕ್ಟ್ರು 88ರಿಂದ 92ರೊಳಗ ಇರ್ಲಿ ಅಂತಾನೇ ಬರದಿರ್ತಾರ. ಆ ಕಡೆ ಆಪರೇಶನ್ ಆದ ಹುಡುಗ, ಪಲ್ಸ್ ಮುಂಜಾನೆ 88 ಇದ್ದದ್ದು ಈಗ 124, ಮುಖ ಬಿಳಚಿಕೊಂಡೈತಿ, ನೀರು ನೀರು ಅಂತಾನ. ಹುಡುಗನ ಕಡೆನೇ ಮೊದ್ಲು ಹೋಗ್ರಿ, ಒಳಗ ರಕ್ತ ಹೋಗ್ತಿರಬಹುದು. ನೀರು ಕೇಳಿದಾನ ಅಂತ ಮಾತ್ರ ಕುಡಿಸಬ್ಯಾಡ್ರಿ. ಮುಂಜಾನಿಗಿಂತ ಬ್ಯಾರೆ ಆಗ್ಯಾರೇನು ಅಂತ ಕೇಳ್ಕೊಳ್ರಿ, ಅರ್ಧ ಗೊಂದಲ ಅಲ್ಲೇ ಮುಗೀತೈತಿ. ಕಣ್ಣ ಮುಂದ ರಕ್ತ ಸುರೀತಿದ್ರ ಎಬಿಸಿ ಲೆಕ್ಕ ಹಾಕ್ಕೊಂತ ನಿಲ್ಲಬ್ಯಾಡ್ರಿ, ಒತ್ತಿ ಹಿಡೀರಿ.

ಇನ್ಸುಲಿನ್ ಆಗೈತಿ, ಊಟ ಬಂದಿಲ್ಲ, ಮನಿಷ್ಯಾ ಬೆವತು ಏನೋ ಬಡಬಡಿಸ್ತಾನ ಅಂದ್ರ ಸಿಟ್ಟು ಅನ್ಕೋಬ್ಯಾಡ್ರಿ, ಶುಗರ್ ನೋಡ್ರಿ. 70ರ ಕೆಳಗಿದ್ದು ಎಚ್ಚರ ಇದ್ರ, ನುಂಗಾಕ ಬಂದ್ರ ಮೂರು ಟೀ ಚಮಚ ಗ್ಲೂಕೋಸ್ ಅಥವಾ ಸಕ್ಕರಿ ನೀರಿನ್ಯಾಗ, 15 ನಿಮಿಷಕ್ಕ ಮತ್ತ ಚೆಕ್ಕು. ಎಚ್ಚರ ಇಲ್ಲಾಂದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ.

4. ಕಂಡದ್ದನ್ನ ಹೇಳ್ರಿ. ಸ್ಟೂಡೆಂಟ್ ಕೆಲಸ ಒಬ್ರೇ ನಿಂತು ಪೇಷಂಟ್ ಉಳಿಸೋದಲ್ಲ. "ಸಿಸ್ಟರ್, ಆರನೇ ಬೆಡ್ ಯಾಕೋ ಸರಿ ಇಲ್ಲ" ಅಂದ್ರ ಯಾರೂ ತಲಿ ಎತ್ತಂಗಿಲ್ಲ. "ಆರನೇ ಬೆಡ್, ಹಾವು ಕಚ್ಚಿದ್ದು, ಒಂದೇ ಉಸಿರಿನ್ಯಾಗ ಎಣಿಸೋದು 25ರಿಂದ 12ಕ್ಕ ಇಳದೈತಿ, ರೆಪ್ಪಿ ಬಿದ್ದಾವು, ಈಗ್ಲೇ ಬರ್ರಿ" ಅನ್ರಿ, ಕುರ್ಚಿ ಬಿಟ್ಟು ಏಳ್ತಾರ. ಬೈದ್ರ ಬೈಸ್ಕೊಳ್ರಿ.

5. ಇನ್ನ ಬಾಟ್ಲಿ. ಮಾಮೂಲಿ ಸಲೈನ್ ಮುಗದ್ರ ಜೀವ ಹೋಗಂಗಿಲ್ಲ, ಬಹಳ ಅಂದ್ರ ಕ್ಯಾನುಲಾ (ರಕ್ತನಾಳಕ್ಕ ಹಾಕಿದ ಸಣ್ಣ ನಳಿಕಿ) ಬ್ಲಾಕ್ ಆಗ್ತೈತಿ, ಹೋಗೋ ದಾರ್ಯಾಗ ರೆಗ್ಯುಲೇಟರ್ ಬಂದ್ ಮಾಡಿ "ಬಂದೆ ಅಣ್ಣಾ" ಅಂತ ಹೇಳಿ ಹೋಗ್ರಿ, ಹೇಳಿದ್ಮ್ಯಾಲ ತಿರುಗಿ ಬರ್ರಿ ಮತ್ತ. ನೋವಿನವ್ರನ್ನ ಕಡೀಗೆ ಹಾಕಬ್ಯಾಡ್ರಿ, ಪಿರಮಿಡ್ಡಿನ್ಯಾಗ ಎಲ್ಲಿ ಬರ್ತೈತೋ ಬರ್ಲಿ, ಹೊಟ್ಟಿ ಆಪರೇಶನ್ ಆದವ್ರು ನೋವಿದ್ರ ಕೆಮ್ಮಂಗಿಲ್ಲ, ಉದ್ದ ಉಸಿರು ಎಳಿಯಂಗಿಲ್ಲ, ಎದ್ಯಾಗ ಕಫ ಕಟ್ಟತೈತಿ. ಬೆಡ್‌ಶೀಟ್, ಟೆಂಪರೇಚರ್, ಕೇರ್ ಪ್ಲಾನ್ ಫೈಲಿಗೆ ಗೆರಿ ಹೊಡಿಯೋದು ಇವೆಲ್ಲ ಆಮ್ಯಾಲ.

6. ಎರಡು ತಾಸಿಗೊಮ್ಮೆ, ಇಲ್ಲಾ ಹೊಸ ಅಡ್ಮಿಶನ್ ಬಂದ ಕೂಡ್ಲೆ, ಚೀಟಿ ಹೊಡದು ಹಾಕಿ ಮತ್ತೊಂದು ಸುತ್ತು. ಮುಗೀಲಾರದ ಕೆಲಸ ಏನು ಉಳೀತೋ ಅದನ್ನ ಮುಂದಿನ ಶಿಫ್ಟಿನವ್ರಿಗೆ ಬಾಯಿಬಿಟ್ಟು ಹೇಳ್ರಿ, ಮಾಡ್ದೆ "ಗಿವನ್" (ಕೊಟ್ಟಾತು) ಅಂತ ಮಾತ್ರ ಬರೀಬ್ಯಾಡ್ರಿ.