ಪೆನ್ನು ಆಮೇಲೆ ಕೊಡುತ್ತೇನೆ

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್. ಹೊಸ ಔಷಧಿಯ ಪರೀಕ್ಷೆಗೆ ಜನರ ಒಪ್ಪಿಗೆ ಪಡೆಯುವ ಜವಾಬ್ದಾರಿ ಡಾಕ್ಟರದ್ದು. ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿನ ಕೆಲಸ.

ಮೊದಲ ವರ್ಷ ಇಪ್ಪತ್ತು ಪುಟದ ಫಾರಂ ಗಡಗಡ ಓದಿ ಮುಗಿಸುತ್ತಿದ್ದೆ. ಆಗ ಒಂದು ಶುಗರ್ ಮಾತ್ರೆಯ ಟ್ರಯಲ್ ನಡೆಯುತ್ತಿತ್ತು. ಎರಡನೇ ಸಲ ಬಂದ ಮಾಗಡಿ ಕಡೆಯ ಹಿರಿಯರೊಬ್ಬರು, "ಅಮ್ಮಾ, ಈ ಮಾತ್ರೆ ಎಲ್ಲರಿಗೂ ಕೊಡೋದೇ ಅಲ್ವಾ?" ಎಂದರು. ಎದೆ ಧಸಕ್ಕೆಂದಿತು. ಸಹಿ ಇದೆ, ತಾರೀಖು ಇದೆ, ತಪಾಸಣೆಗೆ ಬಂದವರು ಒಂದು ತಪ್ಪೂ ಹುಡುಕಲಾರರು. ಆದರೆ ತಾವು ಪ್ರಯೋಗದಲ್ಲಿದ್ದೇವೆ ಅನ್ನುವುದೇ ಅವರಿಗೆ ಗೊತ್ತಿಲ್ಲ! ಡಾಕ್ಟರಿಗೆ ಹೇಳಿ, ಅವರನ್ನು ಕೂರಿಸಿಕೊಂಡು ಮತ್ತೆ ಮೊದಲಿಂದ ವಿವರಿಸಿದೆವು.

ಅಂದಿನಿಂದ ನಾನು ಪೆನ್ನು ಮೇಜಿನ ಮೇಲೆ ಇಡುವುದಿಲ್ಲ. ಪೆನ್ನು ಕಂಡರೆ ಸಾಕು, "ಎಲ್ಲಿ ಸಹಿ ಹಾಕ್ಲಿ?" ಅಂತಾರೆ. ಮೊದಲು ಹೇಳುತ್ತೇನೆ. ಆಮೇಲೆ, "ಮನೇಲಿ ಕೇಳಿದ್ರೆ ಏನು ಹೇಳ್ತೀರಾ?" ಎಂದು ಕೇಳುತ್ತೇನೆ. ಅವರ ಬಾಯಲ್ಲಿ ವಿಷಯ ಸರಿಯಾಗಿ ಬಂದ ಮೇಲೇ ಪೆನ್ನು.

ಕಷ್ಟ ಇರುವುದು ಪದಗಳಲ್ಲಿ. ಫಾರಂನಲ್ಲಿ 'ಯಾದೃಚ್ಛಿಕ ಹಂಚಿಕೆ' ಅಂತಿತ್ತು. ಯಾರಪ್ಪಾ ಹಾಗೆ ಮಾತಾಡೋರು? "ಚೀಟಿ ಎತ್ತಿದ ಹಾಗೆ" ಎಂದೆ. ಒಬ್ಬಾಕೆ, "ತಿಂಗಳಿಗೆ ಎಷ್ಟು ಕಟ್ಬೇಕು?" ಅಂದುಬಿಟ್ಟರು. ಅವರ ಏರಿಯಾದಲ್ಲಿ ಚೀಟಿ ಅಂದರೆ ದುಡ್ಡಿನ ಚೀಟಿ ತಾನೇ. ಈಗ ಕ್ರಿಕೆಟ್ ಟಾಸ್ ಅನ್ನುತ್ತೇನೆ: ಹೊಸ ಮಾತ್ರೆ ಬೀಳುತ್ತದೋ ಪ್ಲಸೀಬೊ ಬೀಳುತ್ತದೋ ನಿಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಪ್ಲಸೀಬೊ ಅಂದರೆ ನೋಡೋಕೆ ಮಾತ್ರೆ, ಒಳಗೆ ಔಷಧಿ ಇಲ್ಲ. ನಮ್ಮ ಟ್ರಯಲ್‌ನಲ್ಲಿ ಹಳೇ ಶುಗರ್ ಮಾತ್ರೆ ನಿಲ್ಲಿಸುತ್ತಿರಲಿಲ್ಲ. ಅದನ್ನೂ ಹೇಳದಿದ್ದರೆ ಜನ ಸುಮ್ನೆ ಹೆದರುತ್ತಾರೆ.

ಪದ ಅಂದಾಗ ಅಮೆರಿಕದ ಟಸ್ಕೀಗಿ ನೆನಪಾಗುತ್ತದೆ. ಅಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರಿಗೆ ಕಾಯಿಲೆಯ ಹೆಸರು ಹೇಳದೆ, 'ರಕ್ತ ಕೆಟ್ಟಿದೆ' ಎಂದಷ್ಟೇ ಹೇಳಿದ್ದರು. 1932ರಿಂದ 1972ರವರೆಗೆ ಅವರನ್ನು ಸುಮ್ಮನೆ ಗಮನಿಸುತ್ತಲೇ ಇದ್ದರು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ.

ನಮ್ಮ ದೇಶದಲ್ಲಿ ಟ್ರಯಲ್‌ಗಳಿಗೆ 2019ರ ನಿಯಮಗಳಿವೆ. ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಬೇಕು. ಟ್ರಯಲ್ ನಡೆಸಬಹುದೇ ಎಂದು ನೋಡುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ 7 ಜನ, ಅದರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು. ಒಳ್ಳೆಯದೇ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿ ಬಂದವರ ರಕ್ತ ಮೊದಲು ತೆಗೆಯಿರಿ ಎಂದು ಯಾವ ನಿಯಮವೂ ಬಿಡಿಸಿ ಹೇಳಲ್ಲ. ಲ್ಯಾಬಿನವರ ಜೊತೆ ಜಗಳ ಆಡಿ ಆ ಕ್ರಮ ತಂದೆ. ರಕ್ತ ಕೊಟ್ಟವರಿಗೆ ಕ್ಯಾಂಟೀನಿನ ಇಡ್ಲಿ, ಕಾಫಿ. ನನ್ನ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಆ ಮಾಗಡಿಯ ಹಿರಿಯರು ಎರಡನೇ ಸಲ ಎಲ್ಲ ಕೇಳಿಸಿಕೊಂಡು, "ಬಿಟ್ರೆ ಡಾಕ್ಟರು ಬೇಜಾರು ಮಾಡ್ಕೊಳಲ್ವಾ?" ಎಂದರು. ಡಾಕ್ಟರೇ, "ಇಲ್ಲ ಯಜಮಾನ್ರೇ, ನಿಮ್ಮ ಟ್ರೀಟ್‌ಮೆಂಟ್ ಹೀಗೇ ನಡೆಯುತ್ತೆ" ಎಂದರು. ಅವರು ಬಿಟ್ಟರು. ಮೂರು ತಿಂಗಳಾದ ಮೇಲೆ ಅದೇ ಓಪಿಡಿ ಸಾಲಿನಲ್ಲಿ ಸಿಕ್ಕಿ, ಮನೆಯ ಹುಣಸೆಹಣ್ಣಿನ ಒಂದು ಪೊಟ್ಟಣ ಕೈಗಿಟ್ಟರು.