ಹದಿನೈದು ತುಂಬಿದ ಕಾರಿಗೆ ಎಫ್‌ಸಿ ಮಾಡಿಸಿದ್ದು

ಅಪ್ಪ ಶಿವಮೊಗ್ಗದಲ್ಲಿ ಕೊಂಡ ವ್ಯಾಗನ್‌ಆರ್‌ಗೆ 2023ರ ಮೇ ತಿಂಗಳಿಗೆ ಹದಿನೈದು ತುಂಬುತ್ತಿತ್ತು. ‘ಇನ್ನು ಗುಜರಿಗೇ ಬಿಡಿ’ ಅಂದರು ಪಕ್ಕದ ಮನೆಯವರು. ಅದು ದಿಲ್ಲಿಯ ಕಥೆ. ನಮ್ಮಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿ ಕೊಡುತ್ತಾರೆ. ಊರಲ್ಲಿ ಇದಕ್ಕೂ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂತಲೇ ಹೇಳುವುದು. ಏಜೆಂಟರ ಗೊಡವೆ ಬೇಡ, ನಾನೇ ಓಡಾಡಿ ನೋಡೋಣ ಅಂತ ಹೊರಟೆ.

ಅವಧಿ ಮುಗಿಯಲು 60 ದಿನ ಇರುವಾಗಲೇ ಅರ್ಜಿ ಹಾಕಬಹುದು. ಫಾರಂ 25, ಪರಿವಾಹನ್ ಜಾಲತಾಣದಲ್ಲೇ ಸಿಗುತ್ತದೆ. ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ. ಆದರೆ ಅರ್ಜಿಗೆ ಮುಂಚೆ ವಿಮೆ ಆಗಬೇಕಿತ್ತು. ಕಾರು ಶೆಡ್ಡಿನಲ್ಲೇ ನಿಂತಿದ್ದರಿಂದ ಅಪ್ಪ ಕಂತು ಕಟ್ಟಿರಲಿಲ್ಲ. ಹಳೇ ಗಾಡಿಗೆ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ನಷ್ಟ ಮಾತ್ರ ತುಂಬುವ ವಿಮೆ, ಸಾಕು ಅಂದುಕೊಂಡೆ. 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, ಅದು ದಾಟಿ 1500ರವರೆಗೆ 3,416. ನಮ್ಮ ಎಂಜಿನ್ 1061 ಸಿಸಿ! ಬರೀ 61 ಸಿಸಿಗೆ ಸಾವಿರದ ಮುನ್ನೂರು ಹೆಚ್ಚು, ಮೇಲೆ 18% ಜಿಎಸ್‌ಟಿ. ಎಮಿಷನ್ ಟೆಸ್ಟ್ ಮಾತ್ರ ಹತ್ತು ನಿಮಿಷದಲ್ಲಿ ಮುಗಿಯಿತು.

ನಾನು ಎಡವಿದ್ದು ಬೇರೆ ಕಡೆ. ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಆರ್‌ಟಿಒ ಕೌಂಟರಿನಲ್ಲಿ ‘ಮೊದಲು ಎಚ್‌ಪಿ ತೆಗೆಸ್ಕೊಂಡು ಬನ್ನಿ’ ಎಂದು ಕಾಗದ ವಾಪಸ್ ಕೊಟ್ಟರು. ಎಚ್‌ಪಿ ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು. ಬ್ಯಾಂಕಿನಿಂದ ಆಕ್ಷೇಪವಿಲ್ಲ ಎನ್ನುವ ಪತ್ರ (ಎನ್‌ಒಸಿ), ಸಾಲದ ನಮೂದು ತೆಗೆಸಲು ಅವರ ಸಹಿ ಸೀಲು ಬಿದ್ದ ಫಾರಂ 35 ತರುವಷ್ಟರಲ್ಲಿ ಮೂರು ವಾರ ಹೋಯಿತು. ಸಾಲ ತೀರಿದ ದಿನವೇ ಇದನ್ನು ಮಾಡಿಸಿದ್ದರೆ ಈ ಅಲೆದಾಟ ಇರುತ್ತಿರಲಿಲ್ಲ.

ತಪಾಸಣೆಯ ಹಿಂದಿನ ಸಂಜೆ ಬಾನೆಟ್ ಎತ್ತಿ, ಚಾಸಿ ನಂಬರಿನ ಅಚ್ಚು ತೆಗೆಯಲು ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಕೊನೆಯ ಎರಡು ಅಂಕಿ ಮೂಡಲೇ ಇಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಹದಿನೈದು ವರ್ಷದ ಜಿಡ್ಡು ಬಿಟ್ಟು, 8 ಅಂದುಕೊಂಡಿದ್ದು 3 ಆಗಿ ಕಂಡಿತು. ಮರುದಿನ ಬ್ರೇಕ್ ಇನ್‌ಸ್ಪೆಕ್ಟರ್ ಮೊದಲು ನೋಡಿದ್ದೂ ಅದನ್ನೇ. ಆಮೇಲೆ ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ವೈಪರ್. ಟೈರಿನ ಗೀರಿಗೆ ಉಗುರು ಇಟ್ಟು ನೋಡಿದರು. ‘ಬಣ್ಣ ಬದಲಾಯಿಸಿಲ್ಲ ತಾನೆ?’ ಅಂತ ಕೇಳಿ ಆರ್‌ಸಿಯಲ್ಲಿದ್ದದ್ದರ ಜೊತೆ ತಾಳೆ ಹಾಕಿದರು. ನಾನು ಹೊಸದಾಗಿ ಹಾಕಿಸಿದ್ದ ಸೀಟ್ ಕವರನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ.

ನವೀಕರಣಕ್ಕೆ 5,000, ಹಳೇ ಗಾಡಿಗೆ ಬೀಳುವ ಹಸಿರು ತೆರಿಗೆ 500. 2022ರ ಏಪ್ರಿಲ್‌ಗೆ ಮುಂಚೆ ಈ ಐದು ಸಾವಿರ ಬರೀ 600 ಆಗಿತ್ತು ಅಂದಾಗ ಅಪ್ಪ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಈಗ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000. ನಮ್ಮದಕ್ಕೆ 2028ರಲ್ಲಿ ಇಪ್ಪತ್ತು ತುಂಬುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.