ಹಾಸನಕ್ಕೆ ಹೊಸದಾಗಿ ಬಂದವರಿಗೆ: ಕಥೋಲಿಕ ಶಾಲೆಯಲ್ಲಿ ಎಂಟನೇ ತರಗತಿ

ವರ್ಗವಾಗಿ ಹಾಸನಕ್ಕೆ ಬರುವ ಕುಟುಂಬಗಳು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆಯನ್ನು, ಆಮೇಲೆ ಶಾಲೆಯನ್ನು. ಮಗುವನ್ನು ಇಲ್ಲಿನ ಕಥೋಲಿಕ ಶಾಲೆಯ ಎಂಟನೇ ತರಗತಿಗೆ ಸೇರಿಸಬೇಕೆಂದಿರುವವರಿಗಾಗಿ ಇದನ್ನು ಬರೆದಿದ್ದೇವೆ.

ಶಾಲೆಯನ್ನು ನಡೆಸುವವರು ಪಾದ್ರಿಗಳೋ ಸಿಸ್ಟರುಗಳೋ ಆಗಿದ್ದರೂ ಪಠ್ಯವನ್ನು ನಿರ್ಧರಿಸುವುದು ಶಾಲೆ ಯಾವ ಬೋರ್ಡಿಗೆ ಸೇರಿದೆ ಎಂಬುದು. ಆದ್ದರಿಂದ ಮೊದಲು ಅದನ್ನೇ ಕೇಳಿ. ರಾಜ್ಯ ಪಠ್ಯಕ್ರಮದಲ್ಲಿ ಎಂಟನೆಯದು ಪ್ರೌಢಶಾಲೆಯ ಮೊದಲ ವರ್ಷ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇರುತ್ತವೆ. ಗಣಿತ, ವಿಜ್ಞಾನಗಳು ಹೊರಗಿನಿಂದ ಬಂದ ಮಕ್ಕಳಿಗೆ ಅಷ್ಟೇನೂ ಹೊಸದೆನಿಸುವುದಿಲ್ಲ. ಸಮಾಜ ವಿಜ್ಞಾನದಲ್ಲಿ ಕದಂಬರು, ಗಂಗರು, ದ್ವಾರಸಮುದ್ರದ ಹೊಯ್ಸಳರು ಬರುತ್ತಾರೆ. ದ್ವಾರಸಮುದ್ರವೆಂದರೆ ನಮ್ಮ ಹಳೇಬೀಡೇ ಆದ್ದರಿಂದ, ಪರೀಕ್ಷೆಗೆ ಮುಂಚೆ ಒಂದು ರಜಾದಿನ ಅಲ್ಲಿಗೂ, 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೂ ಮಗುವನ್ನು ಕರೆದೊಯ್ಯಿರಿ.

ನಿಜವಾದ ತೊಡಕು ಕನ್ನಡದ್ದು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ರಾಜ್ಯ ಪಠ್ಯಕ್ರಮದಲ್ಲಿ ಪ್ರಥಮ ಭಾಷೆಯ ಪುಸ್ತಕ 'ಸಿರಿ ಕನ್ನಡ', ದ್ವಿತೀಯ ಭಾಷೆಯದು 'ತಿಳಿ ಕನ್ನಡ'. ಸಿರಿ ಕನ್ನಡದಲ್ಲಿ ಹಳಗನ್ನಡ, ನಡುಗನ್ನಡದ ಪದ್ಯಗಳೂ ಇರುವುದರಿಂದ, ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿವೆ ಎಂಬ ಆಸೆಗೆ, ಅಕ್ಷರವನ್ನೇ ಈಗ ಕಲಿಯಬೇಕಾದ ಮಗುವಿಗೆ ಅದನ್ನು ಕೊಡಿಸುವುದು ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಹಿಂದಿ ಮಾಧ್ಯಮದಿಂದ ಬಂದ ಹುಡುಗನೊಬ್ಬನ ನೋಟ್‌ಬುಕ್ಕಿನಲ್ಲಿ 'ನನಗೆ ಪುಸ್ತಕ ಕೋಡು' ಎಂಬ ವಾಕ್ಯದ ಕೆಳಗೆ ಮೇಷ್ಟ್ರು ಎರಡು ಸಲ ಕೆಂಪು ಗೆರೆ ಎಳೆದಿದ್ದರು. ಹಿಂದಿಯಲ್ಲಿ ಹ್ರಸ್ವ 'ಒ' ಇಲ್ಲದ್ದರಿಂದ 'ಕೊಡು' ಎಂಬುದು ಅವನ ಕೈಯಲ್ಲಿ ದನದ ಕೋಡಾಗಿತ್ತು. ಅದು ಅಜಾಗರೂಕತೆಯ ತಪ್ಪಲ್ಲ. ಇಂಥ ಮಕ್ಕಳಿಗೆ ಟ್ಯೂಷನ್ನಿಗಿಂತ ಮೊದಲು ಬೇಕಾದದ್ದು ಕಾಗುಣಿತವನ್ನು ಬಾಯಿಬಿಟ್ಟು ಹೇಳಿಸುವುದು.

ಧರ್ಮಬೋಧನೆಯ ಬಗ್ಗೆ ಅನೇಕರು ಸಂಕೋಚದಿಂದಲೇ ಕೇಳುತ್ತಾರೆ. ಹಾಸನ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತದ ವ್ಯಾಪ್ತಿಗೆ, ಸೇರಿದೆ. ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಕಥೋಲಿಕ ಮಕ್ಕಳಿಗೆ ಶುಭಸಂದೇಶ (ಯೇಸುವಿನ ಜೀವನ ಮತ್ತು ಬೋಧನೆ), ದೀಕ್ಷಾಸ್ನಾನ, ಮದುವೆ ಮೊದಲಾದ ಏಳು ಸಂಸ್ಕಾರಗಳು, ಹತ್ತು ಆಜ್ಞೆಗಳನ್ನು ಕಲಿಸುವ ಧರ್ಮೋಪದೇಶವಿರುತ್ತದೆ. ಅದೇ ಅವಧಿಯಲ್ಲಿ ಉಳಿದ ಮಕ್ಕಳಿಗೆ ನೀತಿಪಾಠ ನಡೆಯುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಿಮ್ಮ ಇಚ್ಛೆಯನ್ನು ದಾಖಲಾತಿಯ ದಿನವೇ ಮುಖ್ಯೋಪಾಧ್ಯಾಯರಿಗೆ ತಿಳಿಸುವುದು ಒಳ್ಳೆಯದು.

ದಾಖಲಾತಿಗೆ ಹೋಗುವಾಗ ಟಿ.ಸಿ., ಅಂಕಪಟ್ಟಿ, ಜನನ ಪ್ರಮಾಣಪತ್ರ ಜೊತೆಗಿರಲಿ. ಹೊರರಾಜ್ಯದ ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುರುಜು ಕೇಳುವುದುಂಟು. ಊರು ಬಿಡುವ ಮೊದಲೇ ಅದನ್ನು ಹಾಕಿಸಿಕೊಂಡರೆ ಮತ್ತೆ ಅಷ್ಟು ದೂರ ಓಡಾಡುವುದು ತಪ್ಪುತ್ತದೆ.

ಸಂಘದ ಕನ್ನಡ ತರಗತಿ ಮೊದಲು ಭಾನುವಾರ ಬೆಳಿಗ್ಗೆ ಇತ್ತು. ಚರ್ಚಿನ ಭಾನುವಾರದ ಆರಾಧನೆಯಾದ ಬಲಿಪೂಜೆಗೆ ಹೋಗುವ ಮಕ್ಕಳಿಗೆ ತೊಂದರೆಯಾಗುತ್ತಿದ್ದುದರಿಂದ ಶನಿವಾರ ಮಧ್ಯಾಹ್ನಕ್ಕೆ ಬದಲಾಯಿಸಿದ್ದೇವೆ. ಬರುವಾಗ ಮಗುವಿನ ಕನ್ನಡ ನೋಟ್‌ಬುಕ್ಕನ್ನು ತನ್ನಿ. ಎಲ್ಲಿಂದ ಶುರುಮಾಡಬೇಕೆಂದು ಅದನ್ನು ನೋಡಿಯೇ ನಿರ್ಧರಿಸುತ್ತೇವೆ.